ಮರುಭೂಮಿಯಲ್ಲಿ ಸಂಸಾರ

ಹೊಟ್ಟೆಪಾಡಿಗಾಗಿ ಒಬ್ಬನೇ ಪರಸ್ಥಳಕ್ಕೆ ಹೋಗುವುದು ಒಂದು ಮಾತು. ಹೆಂಡಿರು ಮಕ್ಕಳನ್ನು ಕರೆದುಕೊಂಡು ಹೋಗಿ ಅಲ್ಲಿ ಒಲೆ ಹೂಡುವುದು ಬೇರೊಂದು ಮಾತು. ಮೊದಲನೆಯದಕ್ಕೆ ಧೈರ್ಯವಿದ್ದರೆ ಸಾಕು. ಎರಡನೆಯದಕ್ಕೆ ಲೆಕ್ಕವೂ ಬೇಕು, ಲೆಕ್ಕಕ್ಕೆ ಸಿಕ್ಕದ ಸಂಗತಿಗಳನ್ನು ತೂಗಿ ನೋಡುವ ತಾಳ್ಮೆಯೂ ಬೇಕು. ಕನ್ನಡ ಕರಾವಳಿಯಲ್ಲಿ ಈ ಎರಡನೆಯ ಪ್ರಶ್ನೆ ಏಳದಿರುವ ಊರು ಈಗ ಅಪರೂಪವೆನ್ನಬೇಕು. ಹಿಂದೆ ಬೊಂಬಾಯಿಯ ಹೋಟೆಲುಗಳ ವಿಷಯವಾಗಿ ಜಗಲಿಯ ಮೇಲೆ ನಡೆಯುತ್ತಿದ್ದ ಆಲೋಚನೆಯು ಈಚಿನ ಐದು ದಶಕಗಳಲ್ಲಿ ಕಡಲಿನಾಚೆಯ ದುಬೈ, ಅಬುಧಾಬಿಗಳ ಕಡೆಗೆ ತಿರುಗಿದೆ.

ಉಡುಪಿಯ ಸಮೀಪದ ಹಳ್ಳಿಯೊಂದರ ಗೃಹಸ್ಥರೊಬ್ಬರು ಎಂಟು ವರ್ಷಗಳಿಂದ ದುಬೈಯ ಒಂದು ವ್ಯಾಪಾರಸಂಸ್ಥೆಯಲ್ಲಿ ಲೆಕ್ಕಪತ್ರ ಬರೆಯುವ ಉದ್ಯೋಗದಲ್ಲಿದ್ದಾರೆ. ದೇರಾ ಎಂಬ ಹಳೆಯ ಪೇಟೆಯಲ್ಲಿ ಇನ್ನು ಮೂವರೊಡನೆ ಒಂದು ಕೋಣೆಯನ್ನು ಹಂಚಿಕೊಂಡು, ಹಾಸಿಗೆಯೊಂದರ ಸ್ಥಳಕ್ಕೆ ಬಾಡಿಗೆ ಕೊಟ್ಟು ಕಾಲ ಕಳೆದವರು. ಊರಿನಲ್ಲಿ ಎಪ್ಪತ್ತು ದಾಟಿದ ತಾಯಿ, ಹತ್ತಿರದ ಶಾಲೆಯಲ್ಲಿ ಅಧ್ಯಾಪಿಕೆಯಾಗಿರುವ ಪತ್ನಿ, ಒಂಬತ್ತು ವರ್ಷದ ಮಗಳು. ವರ್ಷಕ್ಕೆ ಮೂವತ್ತು ದಿನಗಳ ರಜೆ. 2020ರಲ್ಲಿ ಅದೂ ತಪ್ಪಿತು. ಮಗಳು ಹುಟ್ಟಿದ ಮೊದಲನೆಯ ವರ್ಷವನ್ನು ಬಿಟ್ಟರೆ, ತಂದೆಯಾದವರು ಆ ಮಗುವಿನೊಡನೆ ಇದ್ದುದು ಒಟ್ಟಿನಲ್ಲಿ ಏಳೇ ತಿಂಗಳು. ಈ ಮೊತ್ತವನ್ನು ತೆಗೆದವರು ಬೇರೆ ಯಾರೂ ಅಲ್ಲ; ಪರರ ಲೆಕ್ಕ ಬರೆದು ಬರೆದು ಕೈ ಪಳಗಿದ ಅವರೇ ಒಂದು ರಾತ್ರಿ ಕುಳಿತು ತೆಗೆದರು.

ಕಳೆದ ವರ್ಷ ಅವರ ಸಂಬಳವು ಏರಿತು. ಸಂಸಾರವನ್ನು ಕರೆಸಿಕೊಳ್ಳುವವನಿಗೆ ತಿಂಗಳಿಗೆ 4000 ದಿರ್ಹಮ್, ಅಥವಾ ವಸತಿ ಕೊಟ್ಟು 3000 ದಿರ್ಹಮ್ ಸಂಬಳವಾದರೂ ಇರಬೇಕೆಂಬುದು ಅಲ್ಲಿಯ ಸರಕಾರದ ವಿಧಿ. ಆ ಗೆರೆಯನ್ನು ಅವರು ಚೆನ್ನಾಗಿಯೇ ದಾಟಿದ್ದರು. ಹೀಗೆ, ಇಷ್ಟು ದಿನ ಆಗದ ಮಾತೆಂದು ಬದಿಗಿಟ್ಟಿದ್ದ ಪ್ರಶ್ನೆಗೆ ಉತ್ತರ ಹೇಳಲೇಬೇಕಾಯಿತು.

ಕೇಳಿದವರೆಲ್ಲರೂ ಮೊದಲು ಎತ್ತಿದ ಮಾತು ಬಿಸಿಲಿನದು. “ಆ ಬೆಂಕಿಯಲ್ಲಿ ಮಗುವನ್ನು ಹೇಗೆ ಸಾಕುತ್ತೀರಿ?” ಎಂದವರಲ್ಲಿ ದುಬೈಯನ್ನು ಕಂಡವರೂ ಇದ್ದರು, ಕಾಣದವರೂ ಇದ್ದರು. ಮಾತೇನೂ ಸುಳ್ಳಲ್ಲ. ಜುಲೈ ಆಗಸ್ಟ್ ತಿಂಗಳುಗಳಲ್ಲಿ ಹಗಲಿನ ಉಷ್ಣತೆಯು ಸರಾಸರಿಯಾಗಿ 41 ಡಿಗ್ರಿಯನ್ನು ಮುಟ್ಟುತ್ತದೆ. ರಾತ್ರಿಯಲ್ಲಿಯೂ 30ಕ್ಕಿಂತ ಕೆಳಗಿಳಿಯುವುದು ಅಪರೂಪ. ಮರುಭೂಮಿಯೆಂದರೆ ಒಣಹವೆ ಎಂದು ತಿಳಿದವರು ಆ ಕಡಲಂಚಿನ ಊರಿನಲ್ಲಿ ಮೋಸಹೋಗುತ್ತಾರೆ. ಕೊಲ್ಲಿಯ ನೀರೇ ಕಾದು ನಿಂತಿರುವಾಗ ಅದರಿಂದೇಳುವ ಆವಿಯು ಮೈಗೆ ಒದ್ದೆಬಟ್ಟೆಯಂತೆ ಅಂಟಿಕೊಳ್ಳುತ್ತದೆ. ಬೇಸಗೆಯಲ್ಲಿ ತಣ್ಣೀರಿನ ನಲ್ಲಿಯನ್ನು ತಿರುಗಿಸಿದರೆ, ಮಾಳಿಗೆಯ ಮೇಲಿನ ತೊಟ್ಟಿಯಲ್ಲಿ ಕಾದ ಬಿಸಿನೀರು ಬರುತ್ತದೆ. ಆದಕಾರಣ ಗೀಸರನ್ನು ಆರಿಸಿಟ್ಟು, ಅದರೊಳಗೆ ನಿಂತು ತಣಿದ ನೀರನ್ನು ಸ್ನಾನಕ್ಕೆ ಬಳಸುವ ವಾಡಿಕೆಯುಂಟು. ನೀರು ಕಾಯಿಸುವ ಪಾತ್ರೆಯೇ ನೀರು ತಣಿಸುವ ಪಾತ್ರೆಯಾದ ಸಂಗತಿಯನ್ನು ಮಗಳಿಗೆ ಹೇಳಿದಾಗ ಅವಳು ನಂಬಲಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯವರೆಗೆ ಬಯಲಿನಲ್ಲಿ ಕೆಲಸ ಮಾಡಿಸಕೂಡದೆಂದು ಕಟ್ಟಳೆಯಿರುವುದರಿಂದಲೇ ಬಿಸಿಲಿನ ಪ್ರತಾಪವನ್ನು ಊಹಿಸಿಕೊಳ್ಳಬಹುದು. ಆ ಕಟ್ಟಳೆಯಿಂದ ನೆರಳು ಪಡೆಯುವವರು ಗೋಡೆ ಕಟ್ಟುವ ಬಡಪಾಯಿಗಳು; ಲೆಕ್ಕ ಬರೆಯುವವರು ಆ ಹೊತ್ತಿನಲ್ಲಿ ಒಳಗೆ ಕುಳಿತು ಚಳಿಯೆಂದು ಅಂಗಿಯ ಮೇಲೊಂದು ಅಂಗಿ ತೊಡುತ್ತಾರೆ.

ಇಂಥ ಸ್ಥಳದಲ್ಲಿ ಮನುಷ್ಯರು ಹಿಂದಿನಿಂದಲೂ ಬಾಳಿದ್ದಾರೆ. ಖರ್ಜೂರದ ಗರಿಗಳನ್ನು ಹೆಣೆದು ಗಾಳಿಯಾಡುವ ಗುಡಿಸಲುಗಳನ್ನು ಕಟ್ಟಿಕೊಳ್ಳುತ್ತಿದ್ದರು. ಪಾರಸಿಕ ದೇಶದ ಬಸ್ತಕ್ ಎಂಬ ಸೀಮೆಯಿಂದ ಬಂದು ನೆಲಸಿದ ವರ್ತಕರು ಮನೆಯ ಮೇಲೆ ನಾಲ್ಕು ಮುಖದ ಗಾಳಿಗೋಪುರಗಳನ್ನೆತ್ತಿ, ಮೇಲಣ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುತ್ತಿದ್ದರು. ಬರ್ಜೀಲ್ ಎನ್ನುವ ಆ ಗೋಪುರಗಳಲ್ಲಿ ಕೆಲವು ಅಲ್ ಫಹೀದಿ ಎಂಬ ಬೀದಿಗಳಲ್ಲಿ ಇಂದಿಗೂ ನಿಂತಿವೆ. ಆದರೆ ಆ ಉಪಾಯಗಳಿಂದ ಬದುಕಬಹುದಾದ ಜನ ಎಷ್ಟು? 1968ರ ಗಣತಿಯಲ್ಲಿ ದುಬೈಯ ಜನಸಂಖ್ಯೆ ಸುಮಾರು 59 ಸಾವಿರ. ಈಗ ಅದು 35 ಲಕ್ಷವನ್ನು ಮೀರಿದೆ. 1966ರಲ್ಲಿ ಎಣ್ಣೆಯು ದೊರೆತ ಮೇಲೆ ವಿದ್ಯುತ್ತು ಬೆಳೆಯಿತು, ವಿದ್ಯುತ್ತಿನ ಹಿಂದೆ ತಂಪುಯಂತ್ರ ಬಂತು. ಕುಡಿಯುವ ನೀರೂ ಬಹುಪಾಲು ಕಡಲಿನದೇ. ಜೆಬೆಲ್ ಅಲಿಯ ಸ್ಥಾವರಗಳಲ್ಲಿ ಉಪ್ಪನ್ನು ತೆಗೆದು ಕೊಡುತ್ತಾರೆ. ಬಾವಿಗೆ ಕೊಡ ಇಳಿಸಿದರೆ ನೀರು ಬರುವ, ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಬೀಳುವ ಸೀಮೆಯಿಂದ, ನೂರರ ಸುತ್ತುಮುತ್ತಿನ ಮಳೆಯ ಸೀಮೆಗೆ ಹೋಗುವುದೆಂದರೆ ಸಾಮಾನ್ಯ ಸಂಗತಿಯೇ? 2024ರ ಏಪ್ರಿಲ್ 16ರಂದು ಅಲ್ ಐನಿನ ಬಳಿ ಒಂದು ದಿವಸದೊಳಗೆ 254 ಮಿಲಿಮೀಟರ್ ಮಳೆ ಸುರಿದು, 1949ರಲ್ಲಿ ದಾಖಲೆ ಮೊದಲಾದಂದಿನಿಂದ ಕಾಣದ ಮಳೆಯೆನಿಸಿತು. ದುಬೈಯ ರಸ್ತೆಗಳು ಕೆರೆಗಳಾದವು, ವಿಮಾನನಿಲ್ದಾಣವು ನೀರಿನಲ್ಲಿ ನಿಂತಿತು. ಊರಿನ ತಾಯಿಗೆ ಇದು ನಗೆಯ ವಿಷಯವಾಯಿತು. “ನಮ್ಮಲ್ಲಿ ಆಟಿಯಲ್ಲಿ ಒಂದು ದಿನಕ್ಕೆ ಬೀಳುವ ಮಳೆ ಮಗಾ, ಅದಕ್ಕೆ ಊರೇ ಮುಳುಗಿತೇ?” ಎಂದರು. ನೀರು ಹರಿದುಹೋಗಲು ತೋಡು ಇಲ್ಲದ ಊರನ್ನು ಅವರು ಮನಸ್ಸಿಗೆ ತಂದುಕೊಳ್ಳುವ ಬಗೆಯಾದರೂ ಹೇಗೆ!

ಆಟಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಕರಾವಳಿಯ ಮಕ್ಕಳೂ ವರ್ಷದಲ್ಲಿ ಎರಡು ತಿಂಗಳು ಮನೆಯೊಳಗೇ ಇರುವವರು. ಹೊರಗೆ ಹೆಜ್ಜೆಯಿಡಲಾಗದ ಆ ದಿನಗಳಿಗಾಗಿ ಹಪ್ಪಳ, ಮಾಂಬಳ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಗಳನ್ನು ಮೊದಲೇ ಕೂಡಿಡುವ ಸಂಸಾರಗಳು ಇಲ್ಲಿಯವು. ದುಬೈಯ ಬೇಸಗೆಯೂ ಒಂದು ಬಗೆಯ ಆಟಿಯೇ, ಮಳೆಯ ಬದಲು ಬಿಸಿಲಿನದು, ಎರಡರ ಬದಲು ನಾಲ್ಕು ತಿಂಗಳಿನದು. ನವೆಂಬರಿನಿಂದ ಮಾರ್ಚಿನ ತನಕ ಹವೆಯು ಹಿತವಾಗಿದ್ದು, ಉದ್ಯಾನಗಳು ಸಂಜೆಯ ಹೊತ್ತು ಮಕ್ಕಳಿಂದ ತುಂಬುತ್ತವೆ. ಸೂರ್ಯನಿಗೆ ಬಡತನವಿಲ್ಲದ ಆ ನಾಡಿನ ಜನರಲ್ಲಿ, ಬಿಸಿಲಿಗೆ ಮೈಯೊಡ್ಡದ ಕಾರಣದಿಂದ, ಡಿ ಜೀವಸತ್ತ್ವದ ಕೊರತೆ ಬಹಳವೆಂದು ವೈದ್ಯರು ಹೇಳುವುದು ವಿಚಿತ್ರವಾದರೂ ನಿಜ. ಇದಕ್ಕೆ ಮದ್ದುಂಟು. ಒಟ್ಟಿನಲ್ಲಿ ಬಿಸಿಲು ಹಣದಿಂದ ನಿವಾರಣೆಯಾಗತಕ್ಕ ಕಷ್ಟ. ಜನರು ಅದನ್ನೇ ಮುಂದಿಟ್ಟು ಮಾತನಾಡುವುದು, ಅದು ಕಣ್ಣಿಗೆ ಕಾಣುವುದರಿಂದ.

ಹಾಗಾದರೆ ಹಣವೆಷ್ಟು? ಗೃಹಸ್ಥರು ಈ ಲೆಕ್ಕವನ್ನು ಮೂರು ಸಲ ಬರೆದರು. ಆದಾಯದ ಮೇಲೆ ಅಲ್ಲಿ ತೆರಿಗೆಯಿಲ್ಲ, 2018ರಿಂದ ಕೊಳ್ಳುವ ವಸ್ತುಗಳ ಮೇಲೆ ನೂರಕ್ಕೆ ಐದು ಮಾತ್ರ ಉಂಟು. ಒಂದು ಕಾಲಕ್ಕೆ ದುಬೈಯಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ; 1959ರಲ್ಲಿ ರಿಸರ್ವ್ ಬ್ಯಾಂಕು ಆ ಸೀಮೆಗೆಂದು ಬೇರೆ ನೋಟನ್ನು ಅಚ್ಚುಹಾಕಿಸಿತ್ತು, 1966ರಲ್ಲಿ ರೂಪಾಯಿಯ ಬೆಲೆಯನ್ನು ಇಳಿಸಿದಾಗ ಅವರು ಅದನ್ನು ಕೈಬಿಟ್ಟರು. ಈಗ ದಿರ್ಹಮು ಡಾಲರಿಗೆ ಕಟ್ಟುಬಿದ್ದಿದೆ. 2014ರಲ್ಲಿ ಸುಮಾರು ಹದಿನಾರೂವರೆ ರೂಪಾಯಿಗೆ ಸಮನಾಗಿದ್ದುದು 2024ರಲ್ಲಿ ಇಪ್ಪತ್ತೆರಡನ್ನು ಮೀರಿತು. ಒಬ್ಬಂಟಿಯಾಗಿದ್ದು ಊರಿಗೆ ಹಣ ಕಳುಹಿಸುವವನಿಗೆ ಈ ಏರಿಕೆಯೆಲ್ಲವೂ ಲಾಭ. ಸಂಸಾರವನ್ನು ಅಲ್ಲಿಯೇ ಇಟ್ಟವನಿಗೆ ಅದು ಬರಿಯ ಅಂಕೆ. ಮನೆಯ ಬಾಡಿಗೆಯನ್ನು ತಿಂಗಳಿಗಲ್ಲ, ವರ್ಷಕ್ಕೆ ಒಂದರಿಂದ ನಾಲ್ಕು ಚೆಕ್ಕುಗಳಾಗಿ ಮುಂಗಡ ಬರೆದುಕೊಡುವುದು ಸಾಮಾನ್ಯ. ಹಲವು ಕಟ್ಟಡಗಳಲ್ಲಿ ತಂಪುಗಾಳಿಗೆ ಚಿಲ್ಲರ್ ಎಂಬ ಹೆಸರಿನಲ್ಲಿ ಬೇರೆ ಬಿಲ್ಲು. ಶಾಲೆಯ ಶುಲ್ಕ, ಶಾಲೆಯ ಬಸ್ಸಿನ ಶುಲ್ಕ. ನೌಕರನ ಆರೋಗ್ಯವಿಮೆಯನ್ನು ಯಜಮಾನ ಕೊಡುತ್ತಾನೆ, ಹೆಂಡತಿ ಮಗಳದನ್ನು ಸಾಮಾನ್ಯವಾಗಿ ಸ್ವತಃ ಕೊಳ್ಳಬೇಕು. ಪತ್ನಿಯು ಊರಿನ ಕೆಲಸವನ್ನು ಬಿಡಬೇಕು. ಅಲ್ಲಿ ಸಿಕ್ಕುವುದೋ ಇಲ್ಲವೋ ನೋಡಬೇಕು. ಮೂರನೆಯ ಸಲದ ಲೆಕ್ಕದಲ್ಲಿ ಉಳಿತಾಯವು ಮೊದಲಿನದರ ಕಾಲುಭಾಗಕ್ಕೆ ಇಳಿಯಿತು. ಅವರು ಕಾಗದವನ್ನು ಮಡಿಸಿ, ಇಷ್ಟಾದರೂ ಬರಬಹುದೆಂದು ಪತ್ನಿಗೆ ಹೇಳಿದರು.

ಆಕೆಯು ಬಿಸಿಲಿನ ಮಾತೂ ಹಣದ ಮಾತೂ ಎತ್ತಲಿಲ್ಲ. “ನಿಮ್ಮ ಕೆಲಸ ಹೋದರೆ ನಾವು ಎಷ್ಟು ದಿನ ಅಲ್ಲಿರಬಹುದು?” ಎಂದು ಕೇಳಿದರು.

ಎಂಟು ವರ್ಷಗಳಲ್ಲಿ ಗೃಹಸ್ಥರು ತಮ್ಮನ್ನು ತಾವು ಕೇಳಿಕೊಳ್ಳದ ಪ್ರಶ್ನೆ ಅದು. ಒಬ್ಬನಿಗಾದರೆ ಅದರ ಉತ್ತರವು ಒಂದು ಪೆಟ್ಟಿಗೆ, ಒಂದು ಟಿಕೇಟು. ಸಂಸಾರವಾದರೆ ಹಾಗಲ್ಲ. ಹೆಂಡತಿ ಮಕ್ಕಳ ವಾಸದ ಅನುಮತಿಯು ದುಡಿಯುವವನ ಅನುಮತಿಗೆ ಗಂಟುಬಿದ್ದದ್ದು. ಅವನ ಅನುಮತಿಯು ಅವನ ಕೆಲಸಕ್ಕೆ ಗಂಟುಬಿದ್ದದ್ದು. ಒಂದು ಎಳೆ ಕಡಿದರೆ ಎಲ್ಲವೂ ಬಿಚ್ಚಿಕೊಳ್ಳುತ್ತವೆ. ಹೊಸ ಕೆಲಸವನ್ನು ಹುಡುಕಲು ಕೊಡುವ ಗಡುವು ಮೊದಲು ಒಂದೇ ತಿಂಗಳಿದ್ದು, 2022ರ ಸುಧಾರಣೆಯ ಮೇಲೆ ಹೆಚ್ಚಿದೆಯಾದರೂ ಗಡುವು ಗಡುವೇ. ಹತ್ತು ವರ್ಷದ ಬಂಗಾರದ ವೀಸಾ 2019ರಿಂದ ಉಂಟು; ಅದು ಬಂಡವಾಳ ಹೂಡುವವರಿಗೆ, ಹೆಸರಾಂತ ಪರಿಣತರಿಗೆ. ಅಲ್ಲಿಯೇ ಹುಟ್ಟಿ, ಅಲ್ಲಿಯೇ ಓದಿ, ಬೇರೆ ಊರನ್ನೇ ಅರಿಯದ ಮಕ್ಕಳೂ ಹುಟ್ಟಿನಿಂದ ಆ ದೇಶದ ಪೌರರಾಗರು. 2020ರಲ್ಲಿ ಅಂಗಡಿಗಳು ಮುಚ್ಚಿದಾಗ ಕೆಲಸ ಕಳೆದುಕೊಂಡವರೂ, ಬಸುರಿಯರೂ, ಮಕ್ಕಳೊಂದಿಗರೂ ಮೇ ತಿಂಗಳಿನಲ್ಲಿ ವಿಶೇಷ ವಿಮಾನಗಳಿಂದ ಮಂಗಳೂರಿನಲ್ಲಿ ಇಳಿದುದನ್ನು ಆಕೆ ಮರೆತಿರಲಿಲ್ಲ. ಅಂಥ ಒಬ್ಬ ಬಾಲಕನನ್ನು ಆಕೆಯ ತರಗತಿಗೆ ಸೇರಿಸಿದ್ದರು. ಕನ್ನಡವನ್ನು ಮಾತನಾಡಬಲ್ಲ, ಓದಲಾರದ ಆ ಹುಡುಗನು ಒಂದು ವರ್ಷ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿದ್ದನು.

ಆ ನಗರವು ಸುರಕ್ಷೆಯನ್ನು ಕೊಡುತ್ತದೆ, ಶುಚಿಯಾದ ಬೀದಿಯನ್ನು ಕೊಡುತ್ತದೆ, ದುಡಿದುದಕ್ಕೆ ಬೆಲೆಯನ್ನು ಕೊಡುತ್ತದೆ. ಉಳಿಯುವ ಹಕ್ಕನ್ನು ಮಾತ್ರ ಕೊಡುವುದಿಲ್ಲ. ಇದನ್ನು ಅದು ಬಚ್ಚಿಟ್ಟಿಲ್ಲವೆಂಬುದನ್ನೂ ಒಪ್ಪಬೇಕು. ಬಿಸಿಲನ್ನು ಯಂತ್ರ ತಡೆಯಬಲ್ಲದು, ಈ ಅಸ್ಥಿರತೆಯನ್ನು ತಡೆಯುವ ಯಂತ್ರವಿಲ್ಲ. ಹಾಗೆಂದು ಹೋಗದಿರುವುದು ಸ್ಥಿರವೇ? ತಂದೆಯನ್ನು ಗಾಜಿನ ಪರದೆಯ ಮೇಲೆ ರಾತ್ರಿ ಎಂಟು ಗಂಟೆಗೆ ಮಾತ್ರ ಕಾಣುವ ಮಗು ಇಲ್ಲಿ ಬೆಳೆಯುತ್ತಲೇ ಇರುತ್ತದೆ. ವರ್ಷಗಳು ಗಡುವನ್ನು ಕೇಳುವುದಿಲ್ಲ. ಎರಡು ಅನಿಶ್ಚಯಗಳಲ್ಲಿ ಯಾವುದು ಮೇಲು ಎಂಬುದೇ ಆ ಮನೆಯಲ್ಲಿ ಮೂರು ತಿಂಗಳು ನಡೆದ ವಿಚಾರ.

ತಾಯಿಯನ್ನು ಕರೆದೊಯ್ಯುವ ಮಾತೂ ಬಾರದೆ ಇರಲಿಲ್ಲ. ತಂದೆತಾಯಿಗಳನ್ನು ಇಟ್ಟುಕೊಳ್ಳಬೇಕಾದರೆ ಇನ್ನೂ ಹೆಚ್ಚಿನ ಸಂಬಳ ಬೇಕು. ಆ ಗೆರೆಯನ್ನು ಅವರು ದಾಟಿರಲಿಲ್ಲ. ಆದರೆ ಆ ಕಾರಣವನ್ನು ಹೇಳುವ ಪ್ರಸಂಗವೇ ಬರಲಿಲ್ಲ. “ಜನವರಿಯಲ್ಲಿ ಬಂದು ನೋಡಿ ಹೋಗುತ್ತೇನೆ. ದೀಪ ಹಚ್ಚಲು ಇಲ್ಲಿ ಒಬ್ಬರು ಬೇಕಲ್ಲ” ಎಂದು ತಾಯಿಯೇ ಮುಗಿಸಿಬಿಟ್ಟರು. ಹೀಗೆ ಹೇಳಿದ ರಾತ್ರಿ ಅವರು ಊಟ ಮಾಡಲಿಲ್ಲವೆಂಬುದನ್ನು ಸೊಸೆಯು ಗಂಡನಿಗೆ ತಿಳಿಸಲಿಲ್ಲ.

ಕೊನೆಗೆ ನಿರ್ಧಾರವನ್ನು ಹೇಳಿದವರು ಪತ್ನಿಯೇ. ಹೋಗುವುದು, ಆದರೆ ಮಗಳು ಏಳನೆಯ ತರಗತಿಯನ್ನು ಮುಗಿಸುವುದರೊಳಗೆ, ಕೆಲಸವಿರಲಿ ಹೋಗಲಿ, ತಾಯಿ ಮಗಳು ಊರಿಗೆ ಹಿಂದಿರುಗುವುದು. ಮನೆಯ ಮಾಡಿನ ದುರಸ್ತಿಗೂ ಒಡವೆಗೂ ಕೈಹಾಕುವ ಮೊದಲು ಆರು ತಿಂಗಳಿನ ಖರ್ಚನ್ನು ಬ್ಯಾಂಕಿನಲ್ಲಿ ಮುಟ್ಟದೆ ಇಡುವುದು. ಅಲ್ಲಿಯ ಕನ್ನಡಿಗರು ರಜೆಯ ದಿನಗಳಲ್ಲಿ ನಡೆಸುವ ಪಾಠಶಾಲೆಗೆ ಮಗಳನ್ನು ಕಳುಹಿಸುವುದಲ್ಲದೆ, ವಾರಕ್ಕೊಂದು ಕಾಗದವನ್ನು ಅಜ್ಜಿಗೆ ಕೈಯಿಂದ ಬರೆಸುವುದು. ವಿಧವೆಯಾಗಿದ್ದ ಚಿಕ್ಕಮ್ಮನನ್ನು ಅತ್ತೆಯ ಜೊತೆಗೆ ಇರಿಸುವ ಏರ್ಪಾಟನ್ನು ಆಕೆ ಗಂಡನನ್ನು ಕೇಳುವ ಮೊದಲೇ ಮಾಡಿಯಾಗಿತ್ತು. ಗೃಹಸ್ಥರು ಎಲ್ಲಕ್ಕೂ ಒಪ್ಪಿದರು. ಒಡವೆಯ ವಿಷಯದಲ್ಲಿ ಮಾತ್ರ ಸ್ವಲ್ಪ ತಡವರಿಸಿದರಂತೆ.

ಅಲ್ಲಿ ನಮ್ಮ ದೇಶದ ಪಠ್ಯಕ್ರಮದ ಶಾಲೆಗಳು ಏಪ್ರಿಲ್ ತಿಂಗಳಿನಲ್ಲಿ ಆರಂಭವಾಗುತ್ತವೆ. ಮಾರ್ಚಿ ತಿಂಗಳಿನಲ್ಲಿ ಅವರು ಮನೆಯನ್ನು ಹುಡುಕಿದರು: ಕಟ್ಟಡದ ಕೊನೆಯ ಅಂತಸ್ತಲ್ಲ, ಪಶ್ಚಿಮಕ್ಕೆ ಮುಖವಿಲ್ಲ, ಶಾಲೆಗೆ ನಡೆದುಹೋಗುವಷ್ಟು ಹತ್ತಿರ. ಬಾಡಿಗೆಯು ಲೆಕ್ಕದಲ್ಲಿ ಬರೆದುದಕ್ಕಿಂತ ಹೆಚ್ಚಾಯಿತು. ನಾಲ್ಕು ಚೆಕ್ಕುಗಳಲ್ಲಿ ಮೊದಲನೆಯದನ್ನು ಕೊಟ್ಟು ಬಂದ ಸಂಜೆ ಊರಿಗೆ ಮಾತನಾಡಿದಾಗ, ಅಜ್ಜಿಯು ಅಂಗಳದಲ್ಲಿ ಚಾಪೆ ಹಾಸಿ, ಪ್ರತಿವರ್ಷಕ್ಕಿಂತ ಒಂದು ತಿಂಗಳು ಮೊದಲೇ, ಉದ್ದಿನ ಹಪ್ಪಳಗಳನ್ನು ಒಣಗಿಸುತ್ತಿದ್ದಾರೆಂದು ಮಗಳು ಹೇಳಿದಳು.