ಕೋಣೆಯೊಳಗಿನ ಘಟ್ಟದ ದಾರಿ

ಪ್ರವಾಸ ಹೋಗಿ ಬಂದವರು ತಾವು ಕಂಡ ನದಿ, ಬೆಟ್ಟ, ಗುಡಿಗೋಪುರಗಳನ್ನು ಬಣ್ಣಿಸುವುದು ವಾಡಿಕೆ. ನಾನು ಈ ಸಲ ಕಂಡುಬಂದದ್ದು ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಕೋಣೆಯನ್ನು. ಅದು ಬೆಂಗಳೂರಿನ ದಾಸರಹಳ್ಳಿಯಲ್ಲಿ ನನ್ನ ಮಾವನವರ ಮನೆಯ ಮಹಡಿಯ ಮೇಲಿದೆ. ಆ ಕೋಣೆಯಲ್ಲಿ ಕುಳಿತೇ ನಾನು ಜರ್ಮನಿಯ ಒಂದು ಮಲೆನಾಡನ್ನು ಸುತ್ತಿಬಂದೆನೆಂದರೆ ಓದುಗರು ನಗಬಹುದು. ನಗಲಿ; ಮೈಸೂರಿನಲ್ಲಿ ರೈಲು ಹತ್ತುವಾಗ ನಾನೂ ನಕ್ಕಿದ್ದೆ.

ನನ್ನನ್ನು ಅಲ್ಲಿಗೆ ಅಟ್ಟಿದವಳು ನನ್ನ ಹೆಂಡತಿ. ಅವಳ ತಮ್ಮ ಗಣಕಯಂತ್ರದ ಉದ್ಯೋಗದಲ್ಲಿರುವ ಹುಡುಗ. ಮನೆಯಲ್ಲಿಯೇ ಕಾರು ಓಟದ ಅನುಭವವನ್ನು ಕೊಡುವ ಯಂತ್ರವೊಂದನ್ನು ಕಟ್ಟಲು ತೊಡಗಿ ಅವನಿಗೆ ಒಂದೂವರೆ ವರ್ಷವಾಗಿತ್ತು. ಖರ್ಚು ಮೂರು ಲಕ್ಷ ರೂಪಾಯಿಗಳನ್ನು ದಾಟಿತ್ತು. ಮಾವನವರು ಮೂವತ್ತು ವರ್ಷ ಸರ್ಕಾರಿ ಬಸ್ಸು ನಡೆಸಿ ನಿವೃತ್ತರಾದವರು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಟ್ಟವನ್ನಿಳಿದು ಧರ್ಮಸ್ಥಳಕ್ಕೆ ಹೋಗುವ ದಾರಿಯಲ್ಲಿ ಅವರು ಓಡಾಡಿದ್ದಕ್ಕೆ ಲೆಕ್ಕವಿಲ್ಲ. ಎರಡು ವರ್ಷಗಳ ಹಿಂದೆ ಪಾರ್ಶ್ವವಾಯು ತಗುಲಿ ಎಡಗಾಲು ಸೋತಿತು; ಅಂದಿನಿಂದ ಅವರು ಸ್ಟಿಯರಿಂಗ್ ಮುಟ್ಟಿರಲಿಲ್ಲ. "ನಿಜವಾದ ಕಾರಿಗೆ ಆಗುತ್ತಿದ್ದ ದುಡ್ಡನ್ನು ಸುಳ್ಳು ಕಾರಿಗೆ ಸುರಿದ" ಎಂದು ಮಗನೊಡನೆ ಮಾತು ಬಿಟ್ಟಿದ್ದರು. "ನೀವು ಮೇಷ್ಟ್ರು. ಹೋಗಿ ಅವನಿಗೆ ನಾಲ್ಕು ಬುದ್ಧಿಮಾತು ಹೇಳಿ ಬನ್ನಿ" ಎಂಬುದು ನನ್ನವಳ ಆಜ್ಞೆ.

ಮೆಜೆಸ್ಟಿಕ್ಕಿನಿಂದ ಮೆಟ್ರೊ ಹಿಡಿದು ದಾಸರಹಳ್ಳಿಯಲ್ಲಿ ಇಳಿದೆನು. ಮಾವನವರು ಜಗಲಿಯ ಮೇಲೆ ಕುಳಿತು ಬೀದಿಯ ವಾಹನಗಳನ್ನು ನೋಡುತ್ತಿದ್ದರು. "ಬನ್ನಿ, ಬನ್ನಿ. ನಿಮ್ಮ ಭಾವಮೈದುನ ಮೇಲೆ ಕಾರ್ಖಾನೆ ಇಟ್ಟಿದ್ದಾನೆ, ಹೋಗಿ ನೋಡಿ" ಎಂದರು. ದನಿಯಲ್ಲಿ ಕೋಪಕ್ಕಿಂತ ದಣಿವು ಹೆಚ್ಚಾಗಿತ್ತು.

ಮೇಲೆ ಹೋದವನಿಗೆ ಕಂಡದ್ದು ಕಾರೂ ಅಲ್ಲದ, ಕುರ್ಚಿಯೂ ಅಲ್ಲದ ಒಂದು ವಸ್ತು. ಮಂಚದಷ್ಟು ದೊಡ್ಡ ಅಲ್ಯೂಮಿನಿಯಂ ಚೌಕಟ್ಟು. ಅದರ ಮೇಲೆ ಕಾರಿನ ಆಸನ, ಮುಂದೆ ಸ್ಟಿಯರಿಂಗ್ ಚಕ್ರ, ಕೆಳಗೆ ಬ್ರೇಕು ಮತ್ತು ಆಕ್ಸಿಲರೇಟರ್ ಪೆಡಲುಗಳು, ಎದುರಿಗೆ ಮೂರು ಪರದೆಗಳು. ನಾಲ್ಕು ಮೂಲೆಗಳಿಗೂ ಒಂದೊಂದು ಲೋಹದ ಕಾಲು. ಕೈಗೆಟುಕುವಲ್ಲಿ ಕುಂಕುಮದ ಭರಣಿಯಷ್ಟು ದಪ್ಪದ ಕೆಂಪು ಗುಂಡಿ. ಅದನ್ನು ಗುದ್ದಿದರೆ ಎಲ್ಲವೂ ನಿಂತುಹೋಗುತ್ತದೆಯಂತೆ.

"ಇದಕ್ಕೆ ರಿಗ್ಗು ಅಂತಾರೆ ಭಾವ" ಎಂದನು.

"ತೂಗುಪೀಠ ಎನ್ನಬಹುದಲ್ಲ?"

"ಅದಕ್ಕಿಂತ ಉಯ್ಯಾಲೆ ಅಂದುಬಿಡಿ, ಅಪ್ಪನ ಸಿಟ್ಟು ಅರ್ಧ ಇಳಿದೀತು."

ಬುದ್ಧಿ ಹೇಳುವ ಮೊದಲು ವಿಷಯವನ್ನು ತಿಳಿಯಬೇಕಷ್ಟೆ. ಕೇಳಿದೆನು, ಅವನು ಉತ್ಸಾಹದಿಂದ ಹೇಳಿದನು. ಒಂದೊಂದು ಕಾಲಿನೊಳಗೂ ಹದಿನಾರು ಮಿಲಿಮೀಟರ್ ದಪ್ಪದ ಉಕ್ಕಿನ ತಿರುಪು ಇದೆ. ಅದನ್ನು ತಿರುಗಿಸಲು 750 ವಾಟ್ ಶಕ್ತಿಯ ಸರ್ವೋ ಮೋಟಾರು. ತಿರುಪು ಒಂದು ಸುತ್ತು ಸುತ್ತಿದರೆ ಕಾಲು ಐದು ಮಿಲಿಮೀಟರ್ ಏರುತ್ತದೆ. ಮೋಟಾರು ನಿಮಿಷಕ್ಕೆ 3000 ಸುತ್ತು ಸುತ್ತಿದರೆ ಸೆಕೆಂಡಿಗೆ 250 ಮಿಲಿಮೀಟರ್ ವೇಗ. ಆದರೆ ಕಾಲಿನ ಒಟ್ಟು ಓಟ 100 ಮಿಲಿಮೀಟರ್ ಮಾತ್ರ, ಎಂದರೆ ಒಂದು ಗೇಣಿಗೂ ಕಡಮೆ. ಗಣಕದೊಳಗಿನ ಕಾರು ಏರಿದರೆ, ವಾಲಿದರೆ, ಮುಗ್ಗರಿಸಿದರೆ ಆ ಸುದ್ದಿ ಅಂಕಿಗಳಾಗಿ ಹೊರಬಂದು, ಆರ್ಡುಯಿನೊ ಎಂಬ ಅಂಗೈಯಗಲದ ಫಲಕದ ಮೂಲಕ ನಾಲ್ಕು ಮೋಟಾರುಗಳಿಗೂ ಅಪ್ಪಣೆಯಾಗಿ ತಲುಪುತ್ತದೆ.

"ಗೇಣುದ್ದವೂ ಏರದ ಕಾಲಿನಿಂದ ಕಾರಿನ ಓಟ ಹೇಗೆ ಬರುತ್ತದಪ್ಪಾ?" ಎಂದು ಕೇಳಿದೆನು.

ಇದರ ಮರ್ಮ ಯಂತ್ರದಲ್ಲಿಲ್ಲ, ನಮ್ಮ ಕಿವಿಯಲ್ಲಿದೆ. ಒಳಗಿವಿಯಲ್ಲಿ ಮೂರು ಅರೆವೃತ್ತದ ನಾಳಗಳಿವೆ. ತಲೆ ತಿರುಗಿದ್ದನ್ನು ಅವು ತಿಳಿಸುತ್ತವೆ. ಅವುಗಳ ಪಕ್ಕದ ಎರಡು ಪುಟ್ಟ ಚೀಲಗಳಲ್ಲಿ ಸುಣ್ಣದ ಸಣ್ಣ ಹರಳುಗಳಿದ್ದು, ವೇಗ ಏರಿ ಇಳಿದದ್ದನ್ನೂ ತಲೆ ವಾಲಿದ್ದನ್ನೂ ತಿಳಿಸುತ್ತವೆ. ಆದರೆ ಈ ಎರಡರ ಭೇದ ಅವಕ್ಕೆ ತಿಳಿಯದು. ಕಣ್ಣೆದುರಿನ ರಸ್ತೆ ಬ್ರೇಕು ಬಿದ್ದಂತೆ ತೋರುತ್ತಿರುವಾಗ ಪೀಠವನ್ನು ತುಸು ಮುಂದಕ್ಕೆ ಬಗ್ಗಿಸಿದರೆ, ದೇಹ "ಬ್ರೇಕು ಬಿತ್ತು" ಎಂದು ನಂಬುತ್ತದೆ. ನಂಬಿಕೆ ಹುಟ್ಟಿದ ಮೇಲೆ ಪೀಠ ನಮಗರಿವಾಗದಷ್ಟು ಮೆಲ್ಲನೆ ಹಿಂದಿನ ನೆಲೆಗೆ ಸರಿದು ಮುಂದಿನ ತಿರುವಿಗೆ ಸಿದ್ಧವಾಗಬೇಕು. ಈ ಕಳ್ಳಹೆಜ್ಜೆಯೇ ಕಸುಬಿನ ಕಷ್ಟವಾದ ಭಾಗವಂತೆ. ಮುಂಗಾಲು ಹಿಂಗಾಲುಗಳ ನಡುವೆ ನಾಲ್ಕು ಅಡಿಯ ಅಂತರವಿರುವಾಗ ಈ ಪೀಠ ಐದು ಡಿಗ್ರಿಯಷ್ಟೂ ವಾಲಲಾರದು. ಅದರಿಂದ ಮೈಗೆ ಸಿಗುವ ನೂಕು ನಮ್ಮ ತೂಕದ ಹನ್ನೆರಡನೆಯ ಒಂದು ಪಾಲು. ನಿಜವಾದ ಕಾರು ಬಿರುಸಾಗಿ ನಿಂತಾಗ ಮೈತೂಕಕ್ಕೆ ಸಮಸಮವಾದ ನೂಕು ಉಂಟಾಗಬಹುದು. ಹನ್ನೆರಡರಲ್ಲಿ ಒಂದನ್ನು ಕೊಟ್ಟು ಉಳಿದ ಹನ್ನೊಂದನ್ನು ಕೇಳುಗನ ಮನಸ್ಸಿಗೇ ಬಿಡುವುದು ನಮ್ಮ ಕಾವ್ಯಮೀಮಾಂಸಕರು ಬಲ್ಲ ಉಪಾಯ. ಅವರು ಅದನ್ನು ಧ್ವನಿ ಎಂದರು.

ಈ ವಿದ್ಯೆ ಹೊಸತೂ ಅಲ್ಲ. 1929ರ ಸುಮಾರಿಗೆ ಅಮೆರಿಕದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬ ಯುವಕ, ತನ್ನ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿದ್ದ ತಿದಿಗಳನ್ನೇ ಬಳಸಿ, ನೆಲ ಬಿಡದೆ ಹಾರಾಟ ಕಲಿಸುವ ಮರದ ವಿಮಾನವೊಂದನ್ನು ಕಟ್ಟಿದನು. ಮೊದಲು ಅದನ್ನು ಕೊಂಡವರು ಜಾತ್ರೆಯ ಆಟಿಗೆಗಳನ್ನು ಇಡುವವರು. 1934ರಲ್ಲಿ ಅಂಚೆ ಸಾಗಿಸುತ್ತಿದ್ದ ಸೇನೆಯ ವಿಮಾನಿಕರು ಕೆಟ್ಟ ಹವೆಯಲ್ಲಿ ಒಬ್ಬರ ಮೇಲೊಬ್ಬರು ಸತ್ತಾಗ ಸರ್ಕಾರಕ್ಕೆ ಅದರ ಬೆಲೆ ತಿಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಮಂದಿ ಅದರಲ್ಲಿ ಕಲಿತರು. ಇಂಗ್ಲೆಂಡಿನಲ್ಲಿ 1954ರ ಹೊತ್ತಿಗೆ ಗಫ್ ಎಂಬ ಎಂಜಿನಿಯರು ಟೈರುಗಳನ್ನು ಪರೀಕ್ಷಿಸಲು ಆರು ಕಾಲುಗಳ ಪೀಠವನ್ನು ಯೋಜಿಸಿದನು. 1965ರಲ್ಲಿ ಸ್ಟೀವರ್ಟ್ ಎಂಬಾತ ಆರು ಬಗೆಯಾಗಿ ಚಲಿಸುವ ವಿಮಾನಶಿಕ್ಷಣದ ಪೀಠವನ್ನು ಕುರಿತು ಲೇಖನ ಬರೆದನು. ಇಂದಿನ ದೊಡ್ಡ ವಿಮಾನಶಿಕ್ಷಣ ಯಂತ್ರಗಳು ಆ ವಂಶದವು. ಆರು ಕಾಲುಗಳನ್ನು ಕೊಳ್ಳಲಾರದ ಬಡ ನೆಂಟ ನಮ್ಮ ದಾಸರಹಳ್ಳಿಯ ನಾಲ್ಕು ಕಾಲಿನ ಪೀಠ. ಏರಿಳಿಯುವುದು, ಮುಂದೆಹಿಂದೆ ಬಗ್ಗುವುದು, ಪಕ್ಕಕ್ಕೆ ವಾಲುವುದು, ಈ ಮೂರು ವಿದ್ಯೆಗಳು ಮಾತ್ರ ಅದಕ್ಕೆ ಬರುತ್ತವೆ.

ಅಂದು ಮಧ್ಯಾಹ್ನ ಅವನೊಡನೆ ಎಸ್.ಪಿ. ರಸ್ತೆಗೆ ಹೋದೆನು. ಗೋಡೆಗೂಡಿನಷ್ಟು ಅಗಲದ ಅಂಗಡಿಗಳಲ್ಲಿ ಸೂರಿನವರೆಗೆ ತಂತಿ, ಸ್ವಿಚ್ಚು, ಫಲಕಗಳ ರಾಶಿ. ಅಂಗಡಿಯಾತ ನಾವು ಹೇಳಿ ಮುಗಿಸುವ ಮೊದಲೇ ಬೇಕಾದ್ದನ್ನು ತೆಗೆದು ಮುಂದಿಟ್ಟನು. ಅಲ್ಲಿಂದ ಪೀಣ್ಯದ ಒಂದು ಲೇತಿನ ಕಾರ್ಖಾನೆಗೆ. ಪೀಠದ ಕಾಲುಗಳಿಗೆ ಬೇಕಾದ ಪಟ್ಟಿಗಳನ್ನು ಕೊರೆದುಕೊಟ್ಟ ಹಿರಿಯ ಕೆಲಸಗಾರರು ಹಣಕ್ಕಿಂತ ಮೊದಲು ಕೇಳಿದ್ದು, "ಸದ್ದು ನಿಂತಿತೇ?" ಎಂದು. ನಿಂತಿರಲಿಲ್ಲ. ಒಂದು ತಿಂಗಳಿಂದ ಪೀಠದಲ್ಲಿ ಎಲ್ಲಿಯೋ ಕಟಕಟ ಸದ್ದು. ಎಲ್ಲಿ ಎಂದು ಹುಡುಗನಿಗೆ ಸಿಕ್ಕಿರಲಿಲ್ಲ. ಅಡಿಗೆ ಹಾಕಲು ರಬ್ಬರಿನ ದಿಂಡುಗಳನ್ನು ತಂದೆವು.

ರಾತ್ರಿ ನನ್ನನ್ನು ಪೀಠದ ಮೇಲೆ ಕೂರಿಸಿದನು. ದಾರಿ, ಜರ್ಮನಿಯ ಐಫೆಲ್ ಬೆಟ್ಟಗಳಲ್ಲಿರುವ ನ್ಯೂರ್‌ಬರ್ಗ್‌ರಿಂಗಿನ ಉತ್ತರದ ಸುತ್ತು. 1927ರಲ್ಲಿ ತೆರೆದ ಈ ಪಥ 20.832 ಕಿಲೋಮೀಟರ್ ಉದ್ದವಿದ್ದು, ಕಾಡಿನ ನಡುವೆ ಸುಮಾರು 300 ಮೀಟರ್ ಏರಿಳಿಯುತ್ತದೆ. ಬೆಟ್ಟದ ಮೇಲೊಂದು ಹಳೆಯ ಕೋಟೆ ಇದೆ. ಊರಿಗೂ ಪಥಕ್ಕೂ ಅದರದೇ ಹೆಸರು. ಓಟಗಾರ ಜಾಕಿ ಸ್ಟೀವರ್ಟ್ ಇದನ್ನು ಹಸಿರು ನರಕವೆಂದು ಕರೆದನು. 1976ರಲ್ಲಿ ನಿಕಿ ಲೌಡ ಇಲ್ಲಿಯೇ ಉರಿಯುವ ಕಾರಿನಲ್ಲಿ ಸಿಕ್ಕು ಸಾವಿನ ಬಾಗಿಲವರೆಗೆ ಹೋಗಿಬಂದನು. ಆಮೇಲೆ ಫಾರ್ಮುಲಾ ಒನ್ ಓಟ ಈ ಸುತ್ತಿಗೆ ಮರಳಲಿಲ್ಲ. ಲೇಸರ್ ಕಿರಣಗಳಿಂದ ಇಡೀ ರಸ್ತೆಯನ್ನು ಅಳೆದು ಗಣಕದೊಳಗೆ ತಂದಿರುವುದರಿಂದ ಅಲ್ಲಿನ ಹಳ್ಳದಿಣ್ಣೆಗಳೆಲ್ಲ ಇಲ್ಲಿ ನಮ್ಮ ಬೆನ್ನಿಗೆ ಬರುತ್ತವೆ.

ಹಾಟ್ಸೆನ್‌ಬಾಕಿನ ಬಳುಕುಗಳನ್ನು ಹೇಗೋ ದಾಟಿದೆನು. 'ವಿಮಾನದ ಬಯಲು' ಎಂಬರ್ಥದ ದಿಣ್ಣೆಯಲ್ಲಿ ಹೊಟ್ಟೆ ಮೇಲಕ್ಕೆ ಬಂದಿತು. ನರಿಯ ಕೊಳವೆ ಎಂಬ ಇಳಿಜಾರಿನಲ್ಲಿ ಕಣ್ಣು ಕಂಡದ್ದಕ್ಕೂ ಮೈ ಕಂಡದ್ದಕ್ಕೂ ಹೊಂದಿಕೆ ತಪ್ಪಿ ತಲೆ ಸುತ್ತತೊಡಗಿತು. ಕೆಂಪು ಗುಂಡಿಯನ್ನು ಗುದ್ದಿ ಇಳಿದೆನು. ರಾತ್ರಿಯ ಊಟ ನನಗೆ ಮಜ್ಜಿಗೆಯಲ್ಲಿಯೇ ಮುಗಿಯಿತು.

ಬೆಳಗ್ಗೆ ಕಾಫಿ ಕುಡಿಯುತ್ತಿರುವಾಗ ಮಾವನವರು ಪತ್ರಿಕೆಯಿಂದ ತಲೆಯೆತ್ತದೆ ನನಗೆ ಹೇಳಿದರು: "ಅವನಿಗೆ ಹೇಳಿ. ಹಿಂದಿನ ಎಡಗಡೆ ಕಾಲು. ಬೋಲ್ಟು ಸಡಿಲವಾಗಿದೆ."

"ನಿಮಗೆ ಹೇಗೆ ಗೊತ್ತಾಯಿತು?"

"ನಾನು ಮಲಗುವುದು ಅದರ ಕೆಳಗೇ ಅಲ್ಲವೇ. ಎಡಕ್ಕೆ ವಾಲಿ ಮೇಲೆ ಏಳುವಾಗ ಮಾತ್ರ ಸದ್ದು ಬರುತ್ತದೆ. ಬಸ್ಸಿನ ಪಟ್ಟೆ ಸಡಿಲವಾದಾಗಲೂ ಹೀಗೆಯೇ."

ಮೇಲೆ ಹೋಗಿ ಸುದ್ದಿ ತಲುಪಿಸಿದೆನು. ಹಿಂದಿನ ಎಡಗಾಲನ್ನು ಚೌಕಟ್ಟಿಗೆ ಸೇರಿಸುವ ಪಟ್ಟಿಯ ಒಳಬದಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಒಂದು ಬೋಲ್ಟು ಅರೆಸುತ್ತು ಸಡಿಲವಾಗಿತ್ತು. ಹುಡುಗ ಕೀಲಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತನು. ಆಮೇಲೆ ತಾನೇ ಕೆಳಗಿಳಿದು ಹೋಗಿ, "ಸರಿಹೋಯಿತು ಅಪ್ಪ" ಎಂದನು. "ಹೂಂ" ಎಂದರು. ಎರಡು ತಿಂಗಳ ಮೇಲೆ ತಂದೆಮಕ್ಕಳ ನಡುವೆ ನಡೆದ ಮೊದಲ ಸಂಭಾಷಣೆ ಅಷ್ಟೇ.

ಹತ್ತು ಗಂಟೆಯ ಹೊತ್ತಿಗೆ ಮೆಟ್ಟಿಲಿನಲ್ಲಿ ಊರುಗೋಲಿನ ಸದ್ದು ಕೇಳಿತು. ಕಂಬಿ ಹಿಡಿದು, ಎಡಗಾಲನ್ನು ಎಳೆದುಕೊಂಡು, ಮಾವನವರು ಮೇಲೆ ಬಂದರು. ಮಗ ಏನೂ ಕೇಳಲಿಲ್ಲ. ಪೀಠವನ್ನು ತಳಕ್ಕಿಳಿಸಿ, ಸ್ಟಿಯರಿಂಗನ್ನು ಕಳಚಿ ದಾರಿ ಮಾಡಿ, ತೋಳು ಹಿಡಿದು ಕೂರಿಸಿದನು. ಚಲನೆಯನ್ನು ಅರ್ಧಕ್ಕೆ ಇಳಿಸಿ, ಕೆಂಪು ಗುಂಡಿಯ ಪಕ್ಕದಲ್ಲಿ ತಾನೇ ನಿಂತನು. ಮುದುಕರು ಪೆಡಲುಗಳನ್ನು ನೋಡಿ, "ಕ್ಲಚ್ಚು ಎಲ್ಲಿ?" ಎಂದರು.

"ಇದಕ್ಕೆ ಎಡಗಾಲು ಬೇಡ ಅಪ್ಪ."

ನಾನು ಹಿಂದಿನ ದಿನವೇ ಕಂಡಿದ್ದೆ. ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲಿ ಮೂರನೆಯ ಪೆಡಲು ಹಳೆಯ ಪತ್ರಿಕೆಯಲ್ಲಿ ಸುತ್ತಿ ಬಿದ್ದಿತ್ತು. ಏಕೆ ಜೋಡಿಸಲಿಲ್ಲವೆಂದು ಕೇಳಿದ್ದಕ್ಕೆ "ಬೇಕಾಗಲಿಲ್ಲ" ಎಂದಿದ್ದನು. ಓಟದ ಕಾರಿಗೆ ಸಲ್ಲದಷ್ಟು ಎತ್ತರವಾಗಿ ಆಸನವನ್ನು ಏಕೆ ಕೂರಿಸಿದನೆಂಬುದೂ ನನಗೆ ಆಗ ಹೊಳೆಯಿತು. ಬುದ್ಧಿ ಹೇಳಲು ಬಂದವನು ನಾನು!

ಮಾವನವರು ಬಸ್ಸಿನ ವೇಗದಲ್ಲಿಯೇ ನಡೆಸಿದರು. ಎರಡು ಮೈಲಿಯಾದ ಮೇಲೆ ನಿಲ್ಲಿಸಿ, "ಮೆತ್ತಗಿದೆ. ಆದರೆ ತಡವಾಗಿ ಹೇಳುತ್ತದೆ. ಬ್ರೇಕು ಒತ್ತಿದ್ದು ಮೊದಲು ಬೆನ್ನಿಗೆ ಗೊತ್ತಾಗಬೇಕು, ಆಮೇಲೆ ಕಣ್ಣಿಗೆ. ಇದು ತಿರುವು ಮುರುವು" ಎಂದರು. ಚಲನೆ ಒರಟಾಗದಿರಲೆಂದು ಹುಡುಗ ಅಂಕಿಗಳನ್ನು ವಿಪರೀತ ನಯಗೊಳಿಸಿದ್ದನು. ನಯ ಹೆಚ್ಚಿದಷ್ಟೂ ವಿಳಂಬ ಹೆಚ್ಚುತ್ತದೆ. ನನ್ನ ತಲೆ ಸುತ್ತಿದ್ದರ ಒಂದು ಕಾರಣವೂ ಅದೇ. ನಯವನ್ನು ತಗ್ಗಿಸಿದನು. "ಈಗ ಸರಿ. ವಾಲುವುದನ್ನು ಇನ್ನೂ ಕಡಮೆ ಮಾಡು. ಗಾಡಿ ಅಷ್ಟು ವಾಲಿದರೆ ಪ್ರಯಾಣಿಕರು ವಾಂತಿ ಮಾಡುತ್ತಾರೆ." ಅದನ್ನೂ ಮಾಡಿದನು. ಹನ್ನೆರಡು ಗಂಟೆಯವರೆಗೆ ತಂದೆ ಹೇಳುವುದು, ಮಗ ತಿದ್ದುವುದು. ಹೊಸದಾಗಿ ಪೀಠ ಕಟ್ಟಿದವರೆಲ್ಲ ಕುಣಿತವನ್ನು ಹೆಚ್ಚಿಸುತ್ತಾರೆಂದೂ, ಪಳಗಿದವರು ಇಳಿಸುತ್ತ ಬರುತ್ತಾರೆಂದೂ ಹುಡುಗನೇ ನನಗೆ ಹೇಳಿದ್ದನು. ಅಡಿಗೆಯ ಉಪ್ಪಿಗೂ ಇದೇ ನ್ಯಾಯ.

ಕೊನೆಯ ಸಲ ಅವರು ಇಡೀ ಸುತ್ತನ್ನು ಪೂರೈಸಿದರು. ಕಾರುಸೆಲ್ ಎಂಬ ಹೆಸರಿನ, ಕಾಂಕ್ರೀಟು ಹಾಸಿದ ಬಾಣಲೆಯಂಥ ಎಡತಿರುವು ಬಂದಿತು. ಹಾಸುಗಲ್ಲಿನ ಬೆಸುಗೆಗಳು ಪೀಠದ ನಾಲ್ಕು ಕಾಲುಗಳಲ್ಲಿಯೂ ತಟತಟನೆ ನಡುಗಿದವು. ಮಾವನವರ ಬಲಗೈ ತಾನಾಗಿಯೇ ಹಾರ್ನನ್ನು ಹುಡುಕಿತು. ಘಟ್ಟದ ಕುರುಡು ತಿರುವಿನಲ್ಲಿ ಮೂವತ್ತು ವರ್ಷ ಮಾಡಿದ ಅಭ್ಯಾಸ. ಹಾರ್ನು ಇರಲಿಲ್ಲ. ಅವರು ನಕ್ಕರು, ಪಾರ್ಶ್ವವಾಯು ಆದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಇಳಿದ ಮೇಲೆ ಊರುಗೋಲನ್ನು ತೆಗೆದುಕೊಂಡು, "ದುಡ್ಡು ದಂಡವೇ" ಎಂದರು. ಬಾಗಿಲ ಬಳಿ ನಿಂತು, "ನಾಳೆ ಮಳೆ ಬರುವ ಹಾಗೆ ಮಾಡಲು ಆಗುತ್ತದೆಯೇ ಇದರಲ್ಲಿ?" ಎಂದು ಕೇಳಿದರು. ಆಗುತ್ತದೆ ಎಂದನು ಮಗ.

ಸಂಜೆಯ ರೈಲಿಗೆ ಮೈಸೂರಿಗೆ ಹಿಂದಿರುಗಿದೆನು. "ಬುದ್ಧಿ ಹೇಳಿದಿರಾ?" ಎಂದು ನನ್ನವಳು ಬಾಗಿಲಲ್ಲೇ ಕೇಳಿದಳು. "ನನಗಿಂತ ಬಲ್ಲವರು ಹೇಳುತ್ತಿದ್ದಾರೆ, ಅವನೂ ಕೇಳುತ್ತಿದ್ದಾನೆ" ಎಂದೆನು. ಮರುವಾರ ಅವಳಿಗೆ ತಮ್ಮನಿಂದ ದೂರವಾಣಿ ಬಂದಿತು. ಎಸ್.ಪಿ. ರಸ್ತೆಗೆ ಹೋಗಿ ಒಂದು ಗುಂಡಿಯನ್ನು ತಂದು ಸ್ಟಿಯರಿಂಗಿಗೆ ಜೋಡಿಸಿದ್ದಾನಂತೆ. ಹಾರ್ನಿಗೆ.