ಪದ್ಯದ ಅರ್ಥ ಮತ್ತು ಶಾಲೆಯ ತರಗತಿ: ತಾಂಬಾದ ಒಂದು ಅನುಭವ

ಸಾಹಿತ್ಯವನ್ನು ಕಲಿಸುವುದೆಂದರೆ ಪಾಠದ ಸಾರಾಂಶವನ್ನು ಹೇಳಿ ಬರೆಯಿಸುವುದು ಎಂಬ ತಿಳಿವಳಿಕೆ ಕನ್ನಡ ಶಾಲೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಕವಿಪರಿಚಯ, ಶಬ್ದಾರ್ಥ, ಭಾವಾರ್ಥ, ಪ್ರಶ್ನೋತ್ತರ ಎಂಬ ನಾಲ್ಕು ಮೆಟ್ಟಿಲುಗಳನ್ನು ಏರಿದರೆ ಪದ್ಯ ಮುಗಿಯಿತು. ಈ ಕ್ರಮದಲ್ಲಿ ವಿದ್ಯಾರ್ಥಿಗೆ ಅರ್ಥವು ದೊರೆಯುತ್ತದೆ. ಆದರೆ ಅರ್ಥವನ್ನು ಕಂಡುಕೊಳ್ಳುವ ಶಕ್ತಿ ದೊರೆಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ವಿಜಯಪುರ ಜಿಲ್ಲೆಯ ಒಂದು ತರಗತಿಯಲ್ಲಿ ಈ ಪ್ರಶ್ನೆ ಎದುರಾದ ಬಗೆಯನ್ನು ಇಲ್ಲಿ ಗಮನಿಸಬಹುದು.

ಇಂಡಿ ತಾಲ್ಲೂಕಿನ ತಾಂಬಾ ಕರಿಮಣ್ಣಿನ ಸೀಮೆಗೆ ಸೇರಿದ ಊರು. ಬಿಳಿಜೋಳ, ತೊಗರಿ, ನೀರಿದ್ದಲ್ಲಿ ನಿಂಬೆ ಇಲ್ಲಿಯ ಬದುಕಿಗೆ ಆಧಾರ. ಈ ಭಾಗದ ಪ್ರೌಢಶಾಲೆಯೊಂದರಲ್ಲಿ ಹಲವು ವರ್ಷ ಕನ್ನಡ ಕಲಿಸಿದ ಶಿಕ್ಷಕರೊಬ್ಬರು ಹತ್ತನೆಯ ತರಗತಿಯ ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದುತ್ತಿದ್ದರು. ಪಾಠ ರನ್ನನ ‘ಗದಾಯುದ್ಧ’ದ ಭಾಗ, ಪ್ರಶ್ನೆ ದುರ್ಯೋಧನನ ಸ್ವಭಾವವನ್ನು ಕುರಿತದ್ದು. ಹಠಮಾರಿ, ಹಿರಿಯರ ಮಾತನ್ನು ಮೀರಿದವನು, ಅದರಿಂದ ಕೆಟ್ಟವನು ಎಂಬ ಉತ್ತರವನ್ನೇ ಎಲ್ಲರೂ ಬರೆದಿದ್ದರು. ಗೈಡಿನ ವಾಕ್ಯಗಳು ಕಾಗುಣಿತದ ತಪ್ಪುಗಳೊಡನೆ ಹಾಳೆಯಿಂದ ಹಾಳೆಗೆ ಸಾಗಿದ್ದವು. ಒಬ್ಬ ಹುಡುಗಿ ಮಾತ್ರ ಬೇರೆ ಬರೆದಿದ್ದಳು: ತಮ್ಮಂದಿರೂ ಗೆಳೆಯನೂ ಸತ್ತ ಮೇಲೆ ಅವನಿಗೆ ನೆಲ ಬೇಕಾಗಿಲ್ಲ, ಈಗ ಒಪ್ಪಂದ ಮಾಡಿಕೊಂಡರೆ ಸತ್ತವರಿಗೆ ಏನು ಹೇಳಬೇಕು ಎಂಬುದೇ ಅವನ ಸಂಕಟ. ಶಿಕ್ಷಕರು ಮೂರು ಅಂಕಗಳಲ್ಲಿ ಅರ್ಧ ಅಂಕ ಕೊಟ್ಟು ಮುಂದಿನ ಹಾಳೆಗೆ ಹೋದರು.

ಮರುದಿನ ಹುಡುಗಿ ಹಾಳೆಯೊಡನೆ ಬಂದಳು. “ಸರ, ನಾ ಬರದದ್ದು ತಪ್ಪೇನ್ರಿ?”

“ಉತ್ತರ ಹಂಗಿಲ್ಲ ತಂಗಿ.”

“ಪದ್ಯದಾಗ ಹಂಗ ಐತಲ್ರೀ ಸರ.”

ಇದು ಹೇಗೆ ಹೊಳೆಯಿತೆಂದು ಕೇಳಿದಾಗ ಅವಳು ತಲೆ ತಗ್ಗಿಸಿ ಹೇಳಿದಳು: “ನಮ್ಮ ಮನ್ಯಾಗೂ ಬಾಂದಿನ ಜಗಳ ಐತ್ರಿ. ನಮ್ಮ ಕಾಕಾಗ ಆ ನಾಕ ಮೊಳ ಹೊಲ ಬೇಕಾಗಿಲ್ರಿ.”

ಶಿಕ್ಷಕರು ಆ ಸಂಜೆ ಪದ್ಯಭಾಗವನ್ನು ಮತ್ತೊಮ್ಮೆ ಓದಿದರು. ರನ್ನನ ದುರ್ಯೋಧನ ಸಂಧಿಯನ್ನು ನಿರಾಕರಿಸುವುದು ನೆಲದಾಸೆಯಿಂದಲ್ಲ, ಛಲದಿಂದ. ಆ ಛಲದ ಬೇರು ಕರ್ಣ ಮತ್ತು ದುಶ್ಶಾಸನರ ಸಾವಿನ ನೋವಿನಲ್ಲಿದೆ. ಕಾವ್ಯ ಇದನ್ನು ಮುಚ್ಚಿಡದೆ ಹೇಳುತ್ತದೆ. ಹುಡುಗಿ ಪದ್ಯವನ್ನು ಓದಿದ್ದಳು. ಶಿಕ್ಷಕರು ಮಾದರಿ ಉತ್ತರವನ್ನು ಓದಿದ್ದರು. ಅಂಕವನ್ನು ತಿದ್ದುವುದು ಸುಲಭವಾಗಿತ್ತು. ಅಷ್ಟು ವರ್ಷಗಳಲ್ಲಿ ಇಂಥ ಎಷ್ಟು ಉತ್ತರಗಳಿಗೆ ಕೆಂಪು ಗೆರೆ ಎಳೆದಿರಬಹುದೆಂಬ ಯೋಚನೆ ಅವರನ್ನು ಬಿಡಲಿಲ್ಲ.

ಇದು ಒಂದು ಊರಿನ ಸಮಸ್ಯೆಯಲ್ಲ. ಐ. ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ಕವಿಗಳ ಹೆಸರನ್ನು ಮರೆಮಾಚಿ ಕವಿತೆಗಳನ್ನು ವಿದ್ಯಾರ್ಥಿಗಳ ಕೈಗಿತ್ತು, ಅವರ ಪ್ರತಿಕ್ರಿಯೆಗಳನ್ನು 1929ರಲ್ಲಿ ಗ್ರಂಥರೂಪದಲ್ಲಿ ಪರಿಶೀಲಿಸಿದರು. ಉನ್ನತ ಶಿಕ್ಷಣ ಪಡೆಯುತ್ತಿದ್ದವರೂ ಕವಿತೆಯ ಸರಳಾರ್ಥದಲ್ಲಿ ಎಡವಿದ್ದರು, ಸಿದ್ಧಪ್ರತಿಕ್ರಿಯೆಗಳಿಗೆ ಶರಣಾಗಿದ್ದರು. ಭಾರತೀಯ ಕಾವ್ಯಮೀಮಾಂಸೆಯೂ ಅಭಿಧೆ, ಲಕ್ಷಣೆ, ವ್ಯಂಜನೆಗಳೆಂದು ಅರ್ಥದ ಸ್ತರಗಳನ್ನು ಗುರುತಿಸಿದೆ. ಒಂಬತ್ತನೆಯ ಶತಮಾನದ ಆನಂದವರ್ಧನ ಧ್ವನಿಯನ್ನು ಕಾವ್ಯದ ಆತ್ಮವೆಂದ. ಅದೇ ಶತಮಾನದ ‘ಕವಿರಾಜಮಾರ್ಗ’ವು ಓದುಬರಹ ಕಲಿಯದ ಕನ್ನಡ ಜನರಲ್ಲಿಯೂ ಕಾವ್ಯದ ಪರಿಣತಿಯನ್ನು ಕಂಡಿತು. ಆದರೆ ತರಗತಿಯಲ್ಲಿ ಅಭಿಧೆಯನ್ನು ದಾಟುವ ಅವಕಾಶ ವಿರಳ. ಜನರಲ್ಲಿದೆಯೆಂದು ಗ್ರಂಥ ಹೇಳಿದ ಪರಿಣತಿಯನ್ನು ಶಾಲೆ ಬಾಗಿಲಲ್ಲಿಯೇ ಬಿಟ್ಟುಬರಲು ಹೇಳುತ್ತದೆ.

ಈ ಪರಿಣತಿಗೆ ಸಾಕ್ಷಿ ದೂರದಲ್ಲೇನೂ ಇಲ್ಲ. ಹಲಸಂಗಿಯ ಗೆಳೆಯರು ಇದೇ ಸೀಮೆಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಆ ಗೆಳೆಯರಲ್ಲಿ ಒಬ್ಬರಾದ ಸಿಂಪಿ ಲಿಂಗಣ್ಣನವರು ಶಾಲೆಯ ಶಿಕ್ಷಕರು. ಬೀಸುಕಲ್ಲಿನ ಮುಂದೆ ಹಾಡಿದವರಿಗೆ ಧ್ವನಿಯೆಂಬ ಪರಿಭಾಷೆ ತಿಳಿದಿರಲಿಲ್ಲ. ತವರನ್ನು ಹೊಗಳುತ್ತಲೇ ಅತ್ತೆಮನೆಯ ಕಷ್ಟವನ್ನು ಸೂಚಿಸುವ ಬಗೆ ಚೆನ್ನಾಗಿ ತಿಳಿದಿತ್ತು.

ಪ್ರಶ್ನೆ ಎಲ್ಲಿ ಕಳೆದುಹೋಗುತ್ತದೆ ಎಂದು ತಿಳಿಯಲು ಆ ಶಿಕ್ಷಕರು ಬಿಡುವಿನ ವೇಳೆಯಲ್ಲಿ ಹತ್ತಿರದ ಪ್ರಾಥಮಿಕ ಶಾಲೆಯ ತರಗತಿಗಳಲ್ಲಿ ಕುಳಿತರು. ಮೂರನೆಯ ತರಗತಿಯ ಮಕ್ಕಳು ಕಥೆಯ ನಡುವೆಯೇ ಬಾಯಿ ಹಾಕುತ್ತಿದ್ದರು: ನರಿ ಸುಳ್ಳು ಹೇಳಿದ್ದು ಕಾಗೆಗೆ ಗೊತ್ತಾಗಲಿಲ್ಲವೇ? ಗೊತ್ತಿದ್ದೂ ಏಕೆ ಹಾಡಿತು? ಏಳನೆಯ ತರಗತಿಯವರು ಶಿಕ್ಷಕರು ಹೇಳಲಿ ಎಂದು ಕಾಯುತ್ತಿದ್ದರು. ಹತ್ತನೆಯ ತರಗತಿಯಲ್ಲಿ ಉಳಿದಿದ್ದ ಪ್ರಶ್ನೆ ಒಂದೇ: “ಸರ, ಇದು ಇಂಪಾರ್ಟೆಂಟ್ ಏನ್ರಿ?” ವ್ಯಾಖ್ಯಾನಿಸುವ ಶಕ್ತಿ ಮೇಲಿನ ತರಗತಿಯಲ್ಲಿ ಹೊಸದಾಗಿ ಹುಟ್ಟಬೇಕಾದುದಲ್ಲ, ಕೆಳಗಿನಿಂದ ಬಂದುದನ್ನು ಕಾಯ್ದು ಹದಗೊಳಿಸಬೇಕಾದುದು.

ಹದಗೊಳಿಸುವ ಕ್ರಮ ತರಗತಿಗೆ ತಕ್ಕಂತೆ ಬದಲಾಗಬೇಕು. ಕೆಳಗಿನ ತರಗತಿಗಳಲ್ಲಿ ಗಟ್ಟಿಯಾಗಿ ಓದಿ, ನಡುವೆ ನಿಲ್ಲಿಸಿ, ಮುಂದೇನಾಗಬಹುದು, ಏಕೆ ಹಾಗೆನ್ನಿಸುತ್ತದೆ ಎಂದು ಕೇಳಿದರೆ ಸಾಕು. ಐದರಿಂದ ಏಳರವರೆಗೆ ಮಾತನಾಡುತ್ತಿರುವವರು ಯಾರು, ಅವರ ಮಾತು ಕೋಪವೋ ಹಾಸ್ಯವೋ ದುಃಖವೋ ಎಂಬ ವಿವೇಚನೆ ಬೆಳೆಯಬೇಕು. ಪ್ರೌಢಶಾಲೆಯಲ್ಲಿ ಹಳಗನ್ನಡದ ರೂಪ, ಕಾಲದ ಹಿನ್ನೆಲೆ, ಒಂದಕ್ಕಿಂತ ಹೆಚ್ಚು ಅರ್ಥಗಳ ಸಾಧ್ಯತೆ ಸೇರುತ್ತವೆ.

ಆದರೆ ಮಕ್ಕಳು ಹೇಳಿದ್ದೆಲ್ಲ ಅರ್ಥವೆಂದು ಒಪ್ಪುವುದೂ ಓದಲ್ಲ. ಹುಡುಗಿಯ ಉತ್ತರವನ್ನು ತರಗತಿಯ ಮುಂದಿಟ್ಟಾಗ ಹುಡುಗನೊಬ್ಬ ದುರ್ಯೋಧನನೇ ಸರಿ, ಪಾಂಡವರೇ ಮೋಸಗಾರರು ಎಂದು ವಾದಿಸಿದ. ಶಿಕ್ಷಕರು ಇಬ್ಬರಿಗೂ ಕೇಳಿದ್ದು ಒಂದೇ: “ಯಾವ ಪದದಿಂದ ಹೇಳತಿ, ತೋರಿಸು.” ಹುಡುಗಿ ಪದ್ಯದಲ್ಲಿ ಬೆರಳಿಟ್ಟು ತೋರಿಸಿದಳು. ಹುಡುಗನಿಗೆ ತನ್ನ ವಾದಕ್ಕೆ ಪಾಠದಲ್ಲಿ ಆಧಾರ ಸಿಗಲಿಲ್ಲ; ಅವನ ಮಾತು ಟಿ.ವಿ. ಧಾರಾವಾಹಿಯಿಂದ ಬಂದಿತ್ತು. ಬಾಂದಿನ ಜಗಳ ಹುಡುಗಿಯನ್ನು ಪದ್ಯದ ಒಳಗೆ ಕರೆದೊಯ್ದಿತು. ಅವಳ ಅರ್ಥಕ್ಕೆ ಪ್ರಮಾಣವಾದದ್ದು ಪದ್ಯವೇ. ಈ ಎರಡನ್ನೂ ಒಟ್ಟಿಗೆ ಹಿಡಿಯುವುದೇ ಸಾಹಿತ್ಯಬೋಧನೆಯ ಕಠಿಣ ಭಾಗ.

2017ರ ಪರಿಷ್ಕರಣೆಯ ಹತ್ತನೆಯ ತರಗತಿಯ ಪ್ರಥಮ ಭಾಷಾ ಪಠ್ಯದಲ್ಲಿ ರನ್ನನ ಜೊತೆಗೆ ‘ಹಲಗಲಿ ಬೇಡರು’ ಲಾವಣಿಯೂ ಇತ್ತು. ರನ್ನನ ಮುಧೋಳವೂ, 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಬೇಡರ ಹಲಗಲಿಯೂ 1997ರವರೆಗೆ ಅವಿಭಜಿತ ವಿಜಾಪುರ ಜಿಲ್ಲೆಯಲ್ಲಿದ್ದವು. ಬೇರೆಡೆಯ ಶಿಕ್ಷಕರು ಅರ್ಥ ಹುಡುಕಬೇಕಾದ ಲಾವಣಿಯ ಎಷ್ಟೋ ಮಾತುಗಳು ತಾಂಬಾದ ಮಕ್ಕಳಿಗೆ ಮನೆಯ ಮಾತು. ಈ ಪಾಠದಲ್ಲಿ ಶಿಕ್ಷಕರು ಮೊದಲು ಮಕ್ಕಳಿಂದಲೇ ಶಬ್ದಾರ್ಥ ಹೇಳಿಸಿದರು. ತಮ್ಮ ಆಡುಮಾತನ್ನು ಅಶುದ್ಧವೆಂದು ತಿಳಿದಿದ್ದ ಮಕ್ಕಳಿಗೆ ಅದು ಪಠ್ಯವನ್ನು ತೆರೆಯುವ ಕೀಲಿಕೈಯಾಯಿತು.

ಪರೀಕ್ಷೆಯ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ಎಸ್.ಎಸ್.ಎಲ್.ಸಿ. ಪ್ರಥಮ ಭಾಷೆಯ ಲಿಖಿತ ಪರೀಕ್ಷೆಗೆ ಆಗ 100 ಅಂಕಗಳಿದ್ದವು. ದೂರದ ಊರಿನಲ್ಲಿ ಮಾದರಿ ಉತ್ತರವನ್ನು ಮುಂದಿಟ್ಟುಕೊಂಡು ತಿದ್ದುವವರಿಗೆ ಹುಡುಗಿಯ ಮನೆಯ ಬಾಂದು ಕಾಣದು. ಮೊದಲು ನಿರೀಕ್ಷಿತ ಉತ್ತರ ಬರೆದು, ಅನಂತರ ತನ್ನ ಅಭಿಪ್ರಾಯವನ್ನು ಪದ್ಯದ ಆಧಾರದೊಡನೆ ಸೇರಿಸಲು ಶಿಕ್ಷಕರು ಅವಳಿಗೆ ಹೇಳಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಎರಡರಾಗ ಖರೇ ಯಾವುದ್ರಿ ಸರ?”

ಶಿಕ್ಷಕರು ಕೂಡಲೇ ಉತ್ತರ ಕೊಡಲಿಲ್ಲ. ಮರುದಿನ ಆ ಪ್ರಶ್ನೆಯನ್ನೇ ಕರಿಹಲಗೆಯ ಮೇಲೆ ಬರೆದು, ಪುಸ್ತಕ ತೆರೆಯಿರೆಂದು ತರಗತಿಗೆ ಹೇಳಿದರು. ಗೈಡುಗಳು ಚೀಲದಲ್ಲಿಯೇ ಉಳಿದವು.