ಹಳದಿ ಮೆಟ್ರೋದಲ್ಲಿ ಚೀನೀ ಪಾಠ

ಆರ್‌.ವಿ. ರೋಡ್ ಸ್ಟೇಷನ್ನಿನಲ್ಲಿ ಸೀಟು ಸಿಕ್ಕರೆ ಆ ದಿನ ನನ್ನ ಚೀನೀ ಪಾಠ ನಡೀತು ಅಂತಲೇ ಲೆಕ್ಕ. ರಾಗಿಗುಡ್ಡ, ಜಯದೇವ, ಸಿಲ್ಕ್ ಬೋರ್ಡ್ ದಾಟೋವರೆಗೂ ಇಯರ್‌ಫೋನ್ ಹಾಕ್ಕೊಂಡು "ಮಾ, ಮಾ, ಮಾ, ಮಾ" ಅಂತ ಪಿಸುಗುಡ್ತಿರ್ತೀನಿ. ದನಿ ಬದಲಾದಂತೆ ಅದೇ 'ಮಾ' ಅಮ್ಮ, ಸೆಣಬು, ಕುದುರೆ, ಬೈಯೋದು. ಪಕ್ಕದವರು ಒಮ್ಮೆ ತಿರುಗಿ ನೋಡಿ ಸುಮ್ಮನಾಗ್ತಾರೆ.

ಈ ದಾರಿಗೂ ಆ ಭಾಷೆಗೂ ನಂಟಿದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದ ಮೊದಲ ರೈಲು ಬಂದಿದ್ದೇ ಚೀನಾದಿಂದ. ಹಡಗಿನಲ್ಲಿ ಚೆನ್ನೈಗೆ, ಅಲ್ಲಿಂದ ರಸ್ತೆ ಮೇಲೆ ಹೆಬ್ಬಗೋಡಿ ಡಿಪೋಗೆ. ಕೊನೆಯ ಸ್ಟೇಷನ್ ಬೊಮ್ಮಸಂದ್ರದ ಹೆಸರಿಗೆ ಅಂಟಿಕೊಂಡಿರೋ ಡೆಲ್ಟಾ ಎಲೆಕ್ಟ್ರಾನಿಕ್ಸ್, ತೈವಾನ್ ಮೂಲದ ಕಂಪನಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ನನ್ನ ಕೆಲಸ ಬಿಡಿಭಾಗಗಳ ಖರೀದಿ. ಶೆನ್‌ಝೆನ್‌ನವರ ಜೊತೆ ದಿನಾ ಮಾತು.

ಮೊದಲ ಸಲ ಕಾಲ್‌ನಲ್ಲಿ ಚೀನೀ ಮಾತಾಡೋಕೆ ಹೋಗಿ ಮಾನ ಕಳ್ಕೊಂಡೆ. 'ಮೈ' ಅನ್ನೋದನ್ನ ದನಿ ತಗ್ಗಿಸಿ ಏರಿಸಿದರೆ ಕೊಳ್ಳೋದು, ಮೇಲಿಂದ ಥಟ್ಟನೆ ಇಳಿಸಿದರೆ ಮಾರೋದು. ಕೊಳ್ಳಬೇಕಾದ ನಾನು ಮಾರೋಕೆ ಹೊರಟೆ. ಆ ಕಡೆನೂ ನಗು, ನಮ್ಮ ಮೀಟಿಂಗ್ ರೂಮಲ್ಲೂ ನಗು. ಆಮೇಲೆ ಒಂದು ತಿಂಗಳು ಬಾಯಿ ಬಿಡಲಿಲ್ಲ.

ಕಿವಿ ನೆಟ್ಟಗಿದ್ರೂ ವ್ಯತ್ಯಾಸ ಯಾಕೆ ಹಿಡಿಯಲ್ಲ? ಕನ್ನಡದಲ್ಲಿ ದನಿಯ ಏರಿಳಿತ ಪ್ರಶ್ನೆಯೋ ಸಿಟ್ಟೋ ಅಂತ ತಿಳಿಸುತ್ತೆ, ಪದದ ಅರ್ಥ ಬದಲಿಸಲ್ಲ. ಚೀನೀ ಮನೆಮಾತಿನವರಿಗೆ ಅದು ಪದದ್ದೇ ಭಾಗ. ಮೆದುಳಿನ ಎಡಭಾಗದಲ್ಲಿ ಭಾಷೆ ನೋಡಿಕೊಳ್ಳೋ ಜಾಗಗಳೂ ಅದನ್ನ ಹಿಡೀತವೆ. ನಮಗೆ ಆ ಅಭ್ಯಾಸ ಇಲ್ಲ, ಅಷ್ಟೇ. ಆದರೆ ಬರುತ್ತೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಗ್ಲಿಷ್ ಮಾತಾಡೋ ವಯಸ್ಕರಿಗೆ ಎರಡು ವಾರ ಚೀನೀ ದನಿಗಳ ತರಬೇತಿ ಕೊಟ್ಟು ಸ್ಕ್ಯಾನ್ ಮಾಡಿದ್ರು. ಎಡ ಮೆದುಳಿನ ಮಾತು ಗ್ರಹಿಸೋ ಜಾಗದಲ್ಲಿ ಚಟುವಟಿಕೆ ಹೆಚ್ಚು ಹರಡಿತ್ತು. ವಯಸ್ಸಾಯ್ತು ಅಂತ ಮೆದುಳು ಬಾಗಿಲು ಹಾಕ್ಕೊಳ್ಳಲ್ಲ.

ಇದನ್ನ ಓದಿದಾಗ ನಮ್ಮ ಟೀಮಿನ ಪಾಟ್ನಾ ಹುಡುಗ ನೆನಪಾದ. ಬಂದ ಹೊಸದರಲ್ಲಿ ಕನ್ನಡ ಕಲೀತಿದ್ದ. ಹಿಂದಿಯಲ್ಲಿ 'ಳ' ಇಲ್ಲವಲ್ಲ, ಒಂದಿನ "ಕಾಫಿ ಮಷೀನ್ ಹಾಲಾಗಿದೆ" ಅಂದ. ಇಡೀ ಫ್ಲೋರ್ ನಕ್ಕಿತ್ತು, ಎಲ್ಲರಿಗಿಂತ ಜೋರಾಗಿ ನಾನು. ಅವತ್ತಿಂದ ಅವನು ಕನ್ನಡ ಬಿಟ್ಟ. ಹೊರಗಿನವರು ಕನ್ನಡ ಕಲಿಯಲ್ಲ ಅಂತ ಕ್ಯಾಂಟೀನಿನಲ್ಲಿ ಭಾಷಣ ಮಾಡೋದನ್ನ ನಾನು ಬಿಟ್ಟಿರಲಿಲ್ಲ.

ಮೊನ್ನೆ ಹೊಂಗಸಂದ್ರದಲ್ಲಿ ಅವನೇ ರೈಲು ಹತ್ತಿದ. ನನ್ನ 'ಮೈ' ಕಥೆ ಹೇಳಿದೆ, ಅವತ್ತು ನಕ್ಕಿದ್ದಕ್ಕೆ ಸಾರಿ ಅಂದೆ. ನಾಲಿಗೆ ಹಿಂದಕ್ಕೆ ಮಡಚಿ 'ಳ' ಹೇಳೋದು ತೋರಿಸಿದೆ. ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್ ದಾಟಿದ್ರೂ ಬರಲಿಲ್ಲ. ಬೆರಟೇನ ಅಗ್ರಹಾರದ ಹತ್ತಿರ "ಹಾಳು" ಅಂತ ಒಂದು ಸಲ ಸರಿಯಾಗಿ ಬಂತು. ಮತ್ತೆ ಹೇಳೋಕೆ ಹೋದಾಗ ತಪ್ಪಿತು.

"ನಾಳೆ ನೋಡೋಣ ಗುರು" ಅಂದ. ಎಲೆಕ್ಟ್ರಾನಿಕ್ ಸಿಟಿ ಬಂತು, ಇಳಿದ್ವಿ.